ಇಂಡಿಯಾ 'ಈಸ್' ಸರೀನಾ, ಇಂಡಿಯಾ 'ಆರ್' ಸರೀನಾ?

1/8

2024ರ ಜೂನ್ 29, ಟಿ20 ವಿಶ್ವಕಪ್ ಫೈನಲ್. ನೀವು ಯಾರೂ ಮರೆತಿರಲ್ಲ. ಅಕ್ಷರ್ ಪಟೇಲ್ ಹಾಕಿದ 15ನೇ ಓವರ್‌ನಲ್ಲಿ 24 ರನ್ ಹೋಗಿತ್ತು. ಉಳಿದಿದ್ದು 30 ಬಾಲು, ಅವರಿಗೆ ಬೇಕಾಗಿದ್ದು 30 ರನ್, ಕೈಲಿ ಇನ್ನೂ ಆರು ವಿಕೆಟ್. ನಮ್ಮ ಬೀದೀಲಿ ಎರಡು ಮನೆಯೋರು ಟಿವಿ ಆಫ್ ಮಾಡಿ ಮಲಗೋಕೆ ಹೊರಟಿದ್ರು. ಕೊನೆಗೆ 7 ರನ್‌ನಿಂದ ಕಪ್ಪು ನಮಗೇ ಬಂತು.

ಆದ್ರೆ ನಾನಿವತ್ತು ಕ್ಯಾಚ್ ಬಗ್ಗೆ ಬರೀತಿಲ್ಲ, ಒಂದು ಅಕ್ಷರದ ಬಗ್ಗೆ ಬರೀತಿದೀನಿ. ಆ ಹೊತ್ತಿನ ಲೆಕ್ಕವನ್ನ ಕ್ರಿಕೆಟ್ ಇಂಗ್ಲಿಷ್‌ನಲ್ಲಿ ಹೇಳೋದು ಹೀಗೆ: 'ಸೌತ್ ಆಫ್ರಿಕಾ ನೀಡ್ 30 ರನ್ಸ್.' ಗಮನಿಸಿ, 'ನೀಡ್'. 'ನೀಡ್ಸ್' ಅಲ್ಲ.

ಹೈಸ್ಕೂಲ್‌ನಲ್ಲಿ ನಮಗೆ ಏನು ಬಾಯಿಪಾಠ ಮಾಡ್ಸಿದ್ರು? ಹಿ ನೀಡ್ಸ್, ಶಿ ನೀಡ್ಸ್, ಇಟ್ ನೀಡ್ಸ್. ಏಕವಚನ ಬಂದ್ರೆ ಕ್ರಿಯಾಪದಕ್ಕೆ ಎಸ್ ಹಾಕ್ಬೇಕು. ಸೌತ್ ಆಫ್ರಿಕಾ ಒಂದೇ ದೇಶ. ಹಾಗಾದ್ರೆ ಎಸ್ ಎಲ್ಲಿಗೆ ಹೋಯ್ತು? ಇಡೀ ಪ್ರಪಂಚ ನೋಡೋ ಮ್ಯಾಚಲ್ಲಿ ಕಾಮೆಂಟೇಟರ್‌ಗಳೆಲ್ಲ ಒಟ್ಟಿಗೆ ತಪ್ಪು ಮಾತಾಡ್ತಾರಾ?

ಇಲ್ಲ. ಅವರು ಹೇಳೋದು ಸರಿ. ಯಾಕೆ ಸರಿ ಅನ್ನೋದನ್ನ ಎಂಟು ಪೋಸ್ಟಲ್ಲಿ ಬರೀತೀನಿ. ಈ ಎರಡು ಅಕ್ಷರದ ವಿಷಯಕ್ಕೆ ಒಬ್ಬ ಹುಡುಗ ಒಂದು ವರ್ಷ ಬಾಯಿ ಮುಚ್ಕೊಂಡು ಕೂತಿದ್ದ. ಅದಕ್ಕೇ ಬರೀತಿರೋದು.

2/8

ಮೊದಲು ನಿಯಮ ಮುಗಿಸಿಬಿಡೋಣ. ಚಿಕ್ಕದು.

ದೇಶದ ಹೆಸರು ಇಂಗ್ಲಿಷ್‌ನಲ್ಲಿ ಎರಡು ಕೆಲಸ ಮಾಡುತ್ತೆ. ಒಂದು, ನೆಲ, ಸರ್ಕಾರ, ಆರ್ಥಿಕತೆ, ಒಟ್ಟಾರೆ ದೇಶ ಅನ್ನೋ ಅರ್ಥ. ಆಗ ಅದು ಯಾವಾಗಲೂ ಏಕವಚನ. 'ಇಂಡಿಯಾ ಈಸ್ ಎ ಲಾರ್ಜ್ ಕಂಟ್ರಿ.' ರೇಷ್ಮೆ ಬೆಳೆಯೋದರಲ್ಲಿ ಚೀನಾ ಮೊದಲು, ನಾವು ಎರಡನೇವ್ರು ಅಂತ ಬರೀಬೇಕಾದ್ರೂ 'ಚೀನಾ ಈಸ್', 'ಇಂಡಿಯಾ ಈಸ್'. ಲಂಡನ್‌ನಲ್ಲೂ ಹಾಗೇ, ನ್ಯೂಯಾರ್ಕ್‌ನಲ್ಲೂ ಹಾಗೇ. ಇದರಲ್ಲಿ ಜಗಳವೇ ಇಲ್ಲ.

ಇನ್ನೊಂದು, ಆ ದೇಶದ ಹೆಸರಲ್ಲಿ ಆಡೋ ತಂಡ. ಇಲ್ಲಿ ಇಂಗ್ಲಿಷ್ ಎರಡು ದಾರಿ ಹಿಡಿಯುತ್ತೆ. ಬ್ರಿಟಿಷ್ ಇಂಗ್ಲಿಷ್‌ನಲ್ಲಿ ತಂಡ ಅಂದ್ರೆ ಅದರೊಳಗಿರೋ ಆಟಗಾರರು, ಅದಕ್ಕೇ 'ಇಂಡಿಯಾ ಆರ್ ಬ್ಯಾಟಿಂಗ್', 'ಇಂಗ್ಲೆಂಡ್ ಹ್ಯಾವ್ ವನ್ ದ ಟಾಸ್'. ಅಮೆರಿಕದವರಿಗೆ ತಂಡ ಅಂದ್ರೆ ಒಂದು ಘಟಕ, ಅವರು 'ಇಂಡಿಯಾ ಈಸ್', 'ಇಂಗ್ಲೆಂಡ್ ಹ್ಯಾಸ್' ಅಂತಾರೆ. ಕ್ರಿಕೆಟ್ ಬೆಳೆದಿದ್ದು ಇಂಗ್ಲೆಂಡಲ್ಲಿ, ಹಂಗಾಗಿ ಕ್ರಿಕೆಟ್ ಭಾಷೆಯೂ ಅಲ್ಲಿಂದಲೇ ಬಂತು.

ನಿಮ್ಮ ಕಾಲೇಜು ಲೈಬ್ರರಿಗೆ ಬರೋ ಇಂಗ್ಲಿಷ್ ಪೇಪರ್ ತೆಗೆದು ನೋಡಿ. ಮುಂದಿನ ಪುಟದಲ್ಲಿ ಭಾರತ ಯಾವುದೋ ಒಪ್ಪಂದಕ್ಕೆ ಸಹಿ ಹಾಕಿದ್ರೆ 'ಇಂಡಿಯಾ ಹ್ಯಾಸ್'. ಹಿಂದಿನ ಕ್ರೀಡಾ ಪುಟದಲ್ಲಿ ಭಾರತ ಸರಣಿ ಗೆದ್ರೆ ಬಹಳ ಸಲ 'ಇಂಡಿಯಾ ಹ್ಯಾವ್'. ಒಂದೇ ಪೇಪರ್, ಒಂದೇ ದಿನ, ಒಂದೇ ಹೆಸರು. ಎರಡೂ ಸರಿ.

3/8

ಈಗ ಆ ಹುಡುಗನ ವಿಷಯ. ಅವನನ್ನ ಕೇಳೇ ಬರೀತಿದೀನಿ. ಹೆಸರು ಹಾಕ್ಬೇಡ ಅಂದಿದಾನೆ, ಹಾಕಲ್ಲ. ಕಾಲೇಜಿನ ಹೆಸರೂ ಬೇಡ.

ಫಸ್ಟ್ ಪಿಯು. ಪ್ರತಿಯೊಬ್ಬರೂ ಎದ್ದು ಎರಡು ನಿಮಿಷ ಇಂಗ್ಲಿಷ್‌ನಲ್ಲಿ ಮಾತಾಡ್ಬೇಕು. ಅವನು ಕನಕಪುರ ತಾಲ್ಲೂಕಿನ ಒಂದು ಹಳ್ಳಿಯವನು, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮೀಡಿಯಂ. ಮನೇಲಿ ರೇಷ್ಮೆ. ಇಂಗ್ಲಿಷ್ ಅಂತ ಅವನ ಕಿವಿಗೆ ಬಿದ್ದಿದ್ದೇ ಕ್ರಿಕೆಟ್ ಕಾಮೆಂಟರಿಯಿಂದ. ಹುಳಕ್ಕೆ ಸೊಪ್ಪು ಹಾಕ್ತಾ ಹಾಕ್ತಾ ಕೇಳಿ ಕಲ್ತಿದ್ದ. ನಮ್ಮಲ್ಲಿ ಸುಮಾರು ಜನ ಪೇಪರ್ ನೋಡ್ಕೊಂಡು ಓದಿದ್ರು. ಅವನು ಏನೂ ನೋಡ್ದೆ ಒಂದು ಮ್ಯಾಚಿನ ಕತೆ ಶುರು ಮಾಡ್ದ. 'ಇಂಡಿಯಾ ವರ್ ಇನ್ ಟ್ರಬಲ್' ಅಂದ.

ಲೆಕ್ಚರರ್ ಕೈ ಎತ್ತಿ ನಿಲ್ಲಿಸಿದ್ರು. "ಇಂಡಿಯಾ ವರ್ ಆ? ಎಷ್ಟು ಇಂಡಿಯಾ ಇದಾವಪ್ಪ ನಿಮ್ಮೂರಲ್ಲಿ?"

ಕ್ಲಾಸ್ ನಗ್ತು. ಕಾನ್ವೆಂಟಿಂದ ಬಂದೋರು ಜೋರಾಗಿ ನಕ್ರು, ಕನ್ನಡ ಮೀಡಿಯಂನೋರು ಅವರಿಗಿಂತ ಜೋರಾಗಿ ನಕ್ರು. ಅವನು ಕೂತ್ಕೊಂಡ.

ಆವತ್ತು ಮಧ್ಯಾಹ್ನ ಲೈಬ್ರರೀಲಿ ನಾನು ಕ್ರೀಡಾ ಪುಟ ತೆಗೆದು ಅವನ ಮುಂದೆ ಇಟ್ಟೆ. 'ಇಂಡಿಯಾ ವರ್' ಅಂತ ಕಣ್ಣಿಗೆ ಕಾಣೋ ಹಾಗೆ ಪ್ರಿಂಟಾಗಿತ್ತು. ಅವನು ಓದ್ದ. ಇನ್ನೊಂದ್ಸಲ ಓದ್ದ. ಪೇಪರ್ ಮಡಚಿ ವಾಪಸ್ ಇಟ್ಟ. "ಇದನ್ನ ತಗೊಂಡೋಗಿ ಅವರಿಗೆ ತೋರ್ಸೋಕಾಗುತ್ತಾ?" ಅಂದ.

ಆಗಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆ ವರ್ಷ ಅವನು ಇಂಗ್ಲಿಷ್ ಕ್ಲಾಸಲ್ಲಿ ಮತ್ತೆ ಬಾಯಿ ಬಿಡ್ಲಿಲ್ಲ. ಅವನು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದಿದ್ದು ಅವನ ಉಪಯೋಗಕ್ಕೆ ಬರ್ಲಿಲ್ಲ.

ಲೆಕ್ಚರರ್ ಮೇಲೆ ನನಗೆ ಈಗ ಸಿಟ್ಟಿಲ್ಲ. ಪರೀಕ್ಷೆಗೆ ಓದಿಸೋ ಗ್ರಾಮರ್‌ನಲ್ಲಿ ದೇಶ ಅಂದ್ರೆ ಏಕವಚನ ಅಂತಲೇ ಇರುತ್ತೆ, ಅವರು ಅದನ್ನೇ ಹೇಳಿದ್ರು. ಆದ್ರೆ 'ಎಷ್ಟು ಇಂಡಿಯಾ ಇದಾವೆ' ಅನ್ನೋದು ಒಳ್ಳೆ ಪ್ರಶ್ನೆ ಕಣ್ರೀ. ನಗಿಸೋಕೆ ಕೇಳಿದ್ರು, ಉತ್ತರ ಕಾಯ್ಲಿಲ್ಲ ಅಷ್ಟೆ. ಉತ್ತರ: ಆ ಮೈದಾನದಲ್ಲಿ ಹನ್ನೊಂದು.

4/8

ಫೋಟೊದಲ್ಲಿರೋದು ಚಂದ್ರಿಕೆ. ಹುಳ ಗೂಡು ಕಟ್ಟೋಕೆ ಬಿಡೋ ಬಿದಿರಿನ ತಟ್ಟೆ. ರಾಮನಗರದ ಗೂಡಿನ ಮಾರ್ಕೆಟ್ ನೋಡಿದೋರಿಗೆ ಇದನ್ನ ಪರಿಚಯ ಮಾಡೋದು ಬೇಡ.

ಈ ಸಲ ಈ ವಿಷಯ ಬರೀತೀನಿ ಅಂದಾಗ ಅದೇ ಗೆಳೆಯ ಫೋನ್ ಮಾಡಿ ಒಂದು ಮಾತು ಹೇಳ್ದ. "ನಮ್ಮವ್ವ ದಿನಾ ಇಂಡಿಯಾ ಆರ್ ಅಂತಲೇ ಮಾತಾಡೋದು" ಅಂದ. ಹೆಂಗೋ ಅಂದೆ. "ಹುಳ ಸೊಪ್ಪು ತಿಂತಾವೆ ಅಂತಾಳಲ್ಲ, ಅದು."

ಒಂದು ನಿಮಿಷ ಇದನ್ನ ಬಾಯಲ್ಲಿ ಹೇಳಿ ನೋಡಿ. 'ಹುಳ ಸೊಪ್ಪು ತಿಂತಾವೆ.' 'ಹುಳಗಳು' ಅನ್ನಲ್ಲ ನಾವು. ಹೆಸರಿಗೆ ಬಹುವಚನದ ಗುರುತೇ ಇಲ್ಲ. ಆದ್ರೆ ಕ್ರಿಯಾಪದ ನೋಡಿ: 'ತಿಂತಾವೆ'. ಬಹುವಚನ. ಒಂದೇ ಒಂದು ಹುಳ ತಟ್ಟೆಯಿಂದ ಆಚೆ ಬಿದ್ದಿದ್ರೆ 'ಹುಳ ಬಿದ್ದೈತೆ' ಅಂತೀವಿ. ಹೆಸರು ಅದೇ 'ಹುಳ'. ಒಂದೋ ಸಾವಿರವೋ ಅಂತ ಹೇಳೋದು ಕ್ರಿಯಾಪದ.

ದನ ಮೇಯ್ತೈತೆ, ದನ ಮೇಯ್ತಾವೆ. ಕೋಳಿ ಬಂತು, ಕೋಳಿ ಬಂದ್ವು. ಶಾಲೆಗೆ ಹೋಗದೆ ಇರೋ ಅಜ್ಜಿಯೂ ಇದರಲ್ಲಿ ತಪ್ಪಲ್ಲ.

'ಇಂಡಿಯಾ ಆರ್' ಅನ್ನೋದೂ ಇದೇ. ಹೆಸರಿಗೆ ಗುರುತಿಲ್ಲ, 'ಇಂಡಿಯಾಸ್' ಅನ್ನಲ್ಲ. ಒಳಗೆ ಹನ್ನೊಂದು ಜನ ಇದಾರೆ ಅನ್ನೋದನ್ನ 'ಆರ್' ಹೇಳುತ್ತೆ.

ಆಮೇಲೆ ಅದೇ ಬೆಳೆ ಮಾರ್ಕೆಟ್‌ಗೆ ಹೋದಾಗ ಏನಾಗುತ್ತೆ? ಸಾವಿರಾರು ಗೂಡು ಒಟ್ಟಿಗೆ ಒಂದು ಲಾಟು. 'ನಮ್ಮ ಲಾಟು ಹರಾಜಾಯ್ತು.' ಏಕವಚನ. ಮನೇಲಿ ತಿನ್ನೋವಾಗ 'ತಿಂತಾವೆ', ತೂಕಕ್ಕೆ ಹಾಕಿದ ಮೇಲೆ 'ಆಯ್ತು'. ಎಣಿಕೆ ಕಮ್ಮಿ ಆಗ್ಲಿಲ್ಲ. ನಾವು ನೋಡೋ ರೀತಿ ಬದಲಾಯ್ತು. 'ಇಂಡಿಯಾ ಈಸ್' ಅಂದ್ರೆ ಲಾಟು. 'ಇಂಡಿಯಾ ಆರ್' ಅಂದ್ರೆ ಸೊಪ್ಪು ತಿಂತಿರೋ ಹುಳ. ಈ ಹೋಲಿಕೆ ಪೂರ್ತಿ ಅವನದು, ನಂದಲ್ಲ.

5/8

ಮನುಷ್ಯರ ವಿಷಯದಲ್ಲಿ ಕನ್ನಡ ಇನ್ನೊಂದು ದಾರಿ ಹಿಡಿಯುತ್ತೆ. 'ಇಂಡಿಯಾ ಗೆದ್ರು' ಅಂತ ಹೇಳಿದ್ರೆ ನಮ್ಮ ಕಿವಿಗೆ ಸರಿ ಅನ್ಸಲ್ಲ. ಪೇಪರ್‌ನಲ್ಲಿ 'ಭಾರತ ಗೆದ್ದಿತು'. ಅರಳಿಕಟ್ಟೆ ಮೇಲೆ 'ಇಂಡಿಯಾದೋರು ಗೆದ್ಬುಟ್ರು'. ಆ 'ದೋರು' ಇದ್ಯಲ್ಲ, ಅದೇ ನಮ್ಮ 'ಆರ್'. ಇಂಗ್ಲಿಷ್‌ನೋರು ಹೆಸರನ್ನ ಮುಟ್ಟದೆ ಕ್ರಿಯಾಪದದಲ್ಲಿ ಮಾತ್ರ ತೋರಿಸ್ತಾರೆ. ನಾವು ಹೆಸರಿಗೇ ಜನರನ್ನ ಸೇರಿಸಿಬಿಡ್ತೀವಿ: ಮಾಗಡಿಯೋರು, ಚನ್ನಪಟ್ಟಣದೋರು, ಬ್ಯಾಂಕ್‌ನೋರು, ಕೆಇಬಿಯೋರು. 'ಕರೆಂಟ್ ಆಫೀಸು ತೆಗೀತು' ಅಂತ ಯಾರಾದ್ರೂ ಅಂತಾರಾ? 'ಕರೆಂಟ್‌ನೋರು ತೆಗೆದವ್ರೆ' ಅಂತೀವಿ.

ಇನ್ನೊಂದು ಮಜಾ ಇದೆ. 'ಮೇಷ್ಟ್ರು ಬಂದ್ರು.' ಎಷ್ಟು ಜನ ಬಂದ್ರು? ಒಬ್ಬರೇ! 'ಮಾಗಡಿ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದರು.' ಒಬ್ಬರೇ ಕೆಂಪೇಗೌಡರು, ಕ್ರಿಯಾಪದ ಮಾತ್ರ ಬಹುವಚನ. ಅಲ್ಲಿ ನಾವು ತಲೆ ಎಣಿಸ್ತಿಲ್ಲ, ಗೌರವ ಕೊಡ್ತಿದೀವಿ. ಅದೇ ಮನೇಲಿ 'ಅವ್ವ ಬಂದ್ಲು' ಅಂತೀವಿ. ಅದು ಅಗೌರವ ಅಲ್ಲ, ಸಲಿಗೆ.

ಇಂಗ್ಲಿಷ್‌ನಲ್ಲೂ ಇದರ ಗುರುತು ಒಂದು ಉಳ್ಕೊಂಡಿದೆ. ಎದುರಿಗೆ ಒಬ್ಬರೇ ಇದ್ರೂ 'ಯು ಆರ್' ಅಂತಾರೆ, 'ಯು ಈಸ್' ಅನ್ನಲ್ಲ. 'ಯು' ಅನ್ನೋದು ಮೊದಲು ನಮ್ಮ 'ನೀವು' ಥರ ಬಹುವಚನ. 'ನೀನು' ಅನ್ನೋಕೆ 'ದೌ' ಅಂತ ಬೇರೆ ಪದ ಇತ್ತು. ಎಲ್ಲರಿಗೂ ಮರ್ಯಾದೆ ಕೊಟ್ಟು ಕೊಟ್ಟು ಆ 'ನೀನು' ಬಳಕೆಯಿಂದಲೇ ಹೋಯ್ತು.

ಅಂದ್ರೆ, ಕ್ರಿಯಾಪದ ಬರೀ ಲೆಕ್ಕ ಇಡಲ್ಲ. ಮಾತಾಡೋರು ಎದುರಿಗಿರೋದನ್ನ ಹೇಗೆ ನೋಡ್ತಿದಾರೆ ಅಂತಲೂ ಹೇಳುತ್ತೆ. ಇದು ನಿಮಗೆ ಮೂರು ವರ್ಷದ ಮಗು ಆಗಿದ್ದಾಗಲೇ ಗೊತ್ತಿತ್ತು.

6/8

ಒಂದು ದೇಶ ತನ್ನ ಹೆಸರಿಗೆ 'ಈಸ್' ಬೇಕೋ 'ಆರ್' ಬೇಕೋ ಅಂತ ತೀರ್ಮಾನ ಮಾಡೋಕೆ ನೂರು ವರ್ಷಕ್ಕಿಂತ ಜಾಸ್ತಿ ತಗೊಂಡಿದೆ. ಅದು ಅಮೆರಿಕ.

1776ರಲ್ಲಿ 13 ವಸಾಹತುಗಳು ಸೇರಿ ಸ್ವತಂತ್ರ ಅಂತ ಘೋಷಿಸಿಕೊಂಡ್ವು. ಹೆಸರೇ 'ಯುನೈಟೆಡ್ ಸ್ಟೇಟ್ಸ್', ಕೂಡಿಕೊಂಡ ರಾಜ್ಯಗಳು. ಆಗಿನ ಬರವಣಿಗೇಲಿ 'ದಿ ಯುನೈಟೆಡ್ ಸ್ಟೇಟ್ಸ್ ಆರ್' ಅನ್ನೋದೇ ರೂಢಿ. 1787ರ ಅವರ ಸಂವಿಧಾನದಲ್ಲಿ ದೇಶದ್ರೋಹದ ವಿಧಿ ಓದಿದ್ರೆ, ದೇಶವನ್ನ 'ಅದು' ಅನ್ನಲ್ಲ, 'ಅವು' ಅನ್ನುತ್ತೆ. ಗುಲಾಮಗಿರಿ ರದ್ದು ಮಾಡಿದ 1865ರ 13ನೇ ತಿದ್ದುಪಡಿಯಲ್ಲೂ 'ಅವುಗಳ ಅಧಿಕಾರ ವ್ಯಾಪ್ತಿ' ಅಂತಲೇ ಇದೆ.

ಮಧ್ಯದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ. ರಾಜ್ಯಗಳು ಬೇಕಾದಾಗ ಬಿಟ್ಟು ಹೋಗಬಹುದಾ ಅನ್ನೋದೇ ಅದರ ದೊಡ್ಡ ಪ್ರಶ್ನೆಗಳಲ್ಲಿ ಒಂದು. ಹೋಗೋ ಹಾಗಿಲ್ಲ ಅಂತ ರಕ್ತದಲ್ಲಿ ತೀರ್ಮಾನ ಆಯ್ತು. ಯುದ್ಧ ಮುಗೀತಿದ್ದ ಹಾಗೇ 'ಆರ್' ಹೋಗಿ 'ಈಸ್' ಬಂತು ಅಂತ ಒಂದು ಕತೆ ಓಡಾಡುತ್ತೆ. ಅಷ್ಟು ಬೇಗ ಆಗ್ಲಿಲ್ಲ. ಯುದ್ಧಕ್ಕೆ ಮುಂಚೆಯೂ ಕೆಲವರು 'ಈಸ್' ಬರೀತಿದ್ರು, ಯುದ್ಧ ಆಗಿ ದಶಕಗಳಾದ್ರೂ ಕೆಲವರು 'ಆರ್' ಬಿಡ್ಲಿಲ್ಲ. ಈಗ ಮಾತ್ರ 50 ರಾಜ್ಯ ಸೇರಿ 'ಈಸ್'.

ದೂರದ ಕತೆ ಅನ್ನಿಸ್ತಾ? ನಮ್ಮ ಜಿಲ್ಲೆ ನೋಡಿ. 2007ರ ಆಗಸ್ಟ್‌ಗೆ ಮುಂಚೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಅಂದ್ರೆ ಬೆಂಗಳೂರು ಗ್ರಾಮಾಂತರದೊಳಗಿನ ನಾಲ್ಕು ತಾಲ್ಲೂಕು. 'ಇವು.' ಆಮೇಲೆ ನಾಲ್ಕೂ ಸೇರಿ ಒಂದು ಜಿಲ್ಲೆ. 'ಇದು.' ಈಗ ಹಾರೋಹಳ್ಳಿಯೂ ಒಂದು ತಾಲ್ಲೂಕು, 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡೋ ತೀರ್ಮಾನವೂ ಆಯ್ತು. ಆದ್ರೂ ಬೆಂಗಳೂರಿನ ಹಾಸ್ಟೆಲಲ್ಲಿ ಯಾವೂರು ಅಂತ ಕೇಳಿದ್ರೆ ನಾವು ಜಿಲ್ಲೆ ಹೆಸರು ಹೇಳ್ತೀವಾ? ಮಾಗಡಿಯೋರು ಮಾಗಡಿ ಅಂತಾರೆ, ಕನಕಪುರದೋರು ಕನಕಪುರ ಅಂತಾರೆ. ಕಾಗದದಲ್ಲಿ 'ಇದು', ಬಾಯಲ್ಲಿ ಇನ್ನೂ 'ಇವು'. ಅಮೆರಿಕದವರಿಗೂ ಹಿಂಗೇ ಆಗಿದ್ದು.

7/8

ಇದನ್ನ ಸೇವ್ ಮಾಡ್ಕೊಳ್ಳಿ. ಪಿಯುಸಿ, ಬ್ಯಾಂಕು, ಎಸ್ಸೆಸ್ಸಿ ಅಂತ ಯಾವ ಪರೀಕ್ಷೆ ಬರೆಯೋರಿಗಾದ್ರೂ ಬೇಕಾಗುತ್ತೆ.

➡️ ಹೆಸರಿನ ಕೊನೇಲಿ ಎಸ್ ಇದ್ರೂ ಒಂದೇ ದೇಶ ಆದ್ರೆ 'ಈಸ್'. ದಿ ಯುನೈಟೆಡ್ ಸ್ಟೇಟ್ಸ್ ಈಸ್, ದ ನೆದರ್ಲೆಂಡ್ಸ್ ಈಸ್, ದ ಫಿಲಿಪ್ಪೀನ್ಸ್ ಈಸ್. ಏಳು ಎಮಿರೇಟ್ ಇದ್ರೂ ಯುಎಇ ಈಸ್. ಚನ್ನಪಟ್ಟಣದ ಅಂಗಡೀಲಿ ಒಂದು ಡಬ್ಬದೊಳಗೆ ಹತ್ತು ಗೊಂಬೆ ಇದ್ರೂ 'ಸೆಟ್ ಎಷ್ಟು?' ಅಂತ ತಾನೇ ಕೇಳೋದು.

➡️ ಮಧ್ಯದಲ್ಲಿ 'ಆಂಡ್' ಇದೆ ಅಂತ ಕಣ್ಣು ಮುಚ್ಕೊಂಡು 'ಆರ್' ಹಾಕ್ಬೇಡಿ. ಟ್ರಿನಿಡಾಡ್ ಆಂಡ್ ಟೊಬೇಗೊ, ಅಂದ್ರೆ ಬ್ರಯನ್ ಲಾರಾ ಊರು, ಒಂದೇ ದೇಶ. ಹಂಗಾಗಿ 'ಈಸ್'. ಇಂಡಿಯಾ ಆಂಡ್ ಶ್ರೀಲಂಕಾ ಎರಡು ದೇಶ, 'ಆರ್'.

➡️ 'ಅಲಾಂಗ್ ವಿತ್', 'ಆಸ್ ವೆಲ್ ಆಸ್' ಬಂದ್ರೆ ಮೊದಲನೇ ಹೆಸರನ್ನ ಮಾತ್ರ ನೋಡಿ. 'ಇಂಡಿಯಾ, ಅಲಾಂಗ್ ವಿತ್ ನೇಪಾಲ್, ಈಸ್.' ಜೊತೇಲಿ ಬಂದೋರನ್ನ ಲೆಕ್ಕಕ್ಕೆ ತಗೊಳ್ಳಂಗಿಲ್ಲ.

➡️ ಜನ ಬೇರೆ, ಭಾಷೆ ಬೇರೆ. 'ದ ಚೈನೀಸ್ ಆರ್' ಅಂದ್ರೆ ಚೀನಾದೋರು. 'ಚೈನೀಸ್ ಈಸ್' ಅಂದ್ರೆ ಅವರ ಭಾಷೆ.

➡️ ವೆಸ್ಟ್ ಇಂಡೀಸ್ ದೇಶವೇ ಅಲ್ಲ. ಹಲವು ದೇಶಗಳು ಸೇರಿ ಆಡೋ ತಂಡ. 1983ರ ಫೈನಲ್‌ನಲ್ಲಿ ಕಪಿಲ್ ದೇವ್ ತಂಡ ಸೋಲಿಸಿದ್ದು ಅವರನ್ನೇ. ಕ್ರಿಕೆಟ್‌ನಲ್ಲಿ 'ವೆಸ್ಟ್ ಇಂಡೀಸ್ ಆರ್'.

➡️ ಕ್ರೀಡೆಯ ವಾಕ್ಯ ಬಂದ್ರೆ? ತಂಡ ಅನ್ನೋದು ಸ್ಪಷ್ಟವಾಗಿದ್ರೆ ಬ್ರಿಟಿಷ್ ರೀತಿಯಲ್ಲಿ 'ಆರ್', 'ಹ್ಯಾವ್' ಸರಿ. ಆದ್ರೆ ಉತ್ತರದ ಕೀ ಮಾಡಿದೋರು ಹಂಗೆ ಯೋಚಿಸಿರ್ತಾರೆ ಅಂತ ಗ್ಯಾರಂಟಿ ಇಲ್ಲ. ನೀವೇ ವಾಕ್ಯ ಬರೆಯೋದಾದ್ರೆ 'ವನ್', 'ಲಾಸ್ಟ್', 'ವಿಲ್', 'ಕ್ಯಾನ್' ಹಾಕಿ. 'ಇಂಡಿಯಾ ವನ್ ದ ಮ್ಯಾಚ್.' ಇವು ಏಕವಚನ ಬಹುವಚನ ಎರಡಕ್ಕೂ ಒಂದೇ ರೂಪ, ಯಾರೂ ಮಾರ್ಕ್ಸ್ ಕಟ್ ಮಾಡೋಕಾಗಲ್ಲ.

ಮಾರ್ಕ್ಸ್ ಬೇಕಾದಾಗ ಕೀ ಪ್ರಕಾರ ಬರೀರಿ, ನಾಚಿಕೆ ಬೇಡ. ಕೀ ಅಂದ್ರೆ ಇಡೀ ಇಂಗ್ಲಿಷ್ ಅಂತ ಮಾತ್ರ ಅಂದ್ಕೋಬೇಡಿ.

8/8

ಕೊನೇದಾಗಿ, ನಮ್ಮ ಸಂವಿಧಾನ ಏನು ಮಾಡಿದೆ ಅಂತ ಕುತೂಹಲಕ್ಕೆ ನೋಡಿ. ಮೊದಲನೇ ವಿಧಿ: ಇಂಡಿಯಾ, ಅಂದರೆ ಭಾರತ, ರಾಜ್ಯಗಳ ಒಕ್ಕೂಟವಾಗಿರತಕ್ಕದ್ದು. ಇಂಗ್ಲಿಷ್‌ನಲ್ಲಿ ಅಲ್ಲಿರೋ ಮುಖ್ಯ ಕ್ರಿಯಾಪದ 'ಶಲ್ ಬಿ'. ಈಗಷ್ಟೇ ಹೇಳಿದ್ನಲ್ಲ, 'ವಿಲ್', 'ಕ್ಯಾನ್' ಥರಾನೇ ಇದಕ್ಕೂ ವಚನ ಇಲ್ಲ. ಒಕ್ಕೂಟ ಅನ್ನೋ ಪದ ಯಾಕೆ ಅಂತ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ವಿವರಿಸಿದ್ರು: ಇದು ರಾಜ್ಯಗಳು ಒಪ್ಪಂದ ಮಾಡ್ಕೊಂಡು ಕಟ್ಟಿದ್ದಲ್ಲ, ಆದ್ದರಿಂದ ಯಾವ ರಾಜ್ಯಕ್ಕೂ ಬಿಟ್ಟು ಹೋಗೋ ಹಕ್ಕಿಲ್ಲ. ಅಮೆರಿಕ ಯುದ್ಧ ಮಾಡಿ ಕಲಿತಿದ್ದನ್ನ ನಮ್ಮವರು ಮೊದಲೇ ಬರೆದಿಟ್ರು.

ಪ್ರಸ್ತಾವನೆ ಶುರುವಾಗೋದು ಮಾತ್ರ ದೇಶದಿಂದ ಅಲ್ಲ. 'ಭಾರತದ ಜನತೆಯಾದ ನಾವು.' ಶಾಲೆಯಲ್ಲಿ ಸಾಲಾಗಿ ನಿಂತು ಹೇಳಿದೀರಲ್ಲ? 'ಜನತೆ' ಏಕವಚನ, 'ನಾವು' ಬಹುವಚನ, ಎರಡೂ ಒಂದೇ ಉಸಿರಲ್ಲಿ ಬರುತ್ತೆ. ಕೊನೇಲಿ ಕ್ರಿಯಾಪದ ಬರುವಾಗ 'ಅರ್ಪಿಸಿಕೊಂಡಿದ್ದೇವೆ'. ಅಲ್ಲಿ ಮಾತಾಡ್ತಿರೋದು 'ನಾವು'.

ಈಗ ನಿಮಗೆ ಎರಡು ಕೆಲಸ.

ಒಂದು, ಕ್ಲಾಸಲ್ಲಿ ಯಾರಾದ್ರೂ ಎದ್ದು ತಡವರಿಸ್ಕೊಂಡು ಇಂಗ್ಲಿಷ್ ಮಾತಾಡ್ತಿದ್ರೆ ನಗಬೇಡಿ. ಅವರು ಹೇಳಿದ್ದು ತಪ್ಪೇ ಆಗಿದ್ರೂ ನಗಬೇಡಿ. ಸರಿ ಇದ್ದಾಗ ನಕ್ಕರೆ ಏನಾಗುತ್ತೆ ಅಂತ ಮೂರನೇ ಪೋಸ್ಟಲ್ಲಿ ಓದಿದೀರಿ. ಅವನು ಈಗ ಬಿಕಾಂ ಕೊನೇ ವರ್ಷ. ಹೋದ ತಿಂಗಳು ಅವರ ಕಾಲೇಜಿನ ಸೆಮಿನಾರಲ್ಲಿ ರೇಷ್ಮೆ ದರದ ಬಗ್ಗೆ ಇಂಗ್ಲಿಷ್‌ನಲ್ಲಿ ಮಾತಾಡಿದಾನೆ. ಹತ್ತು ನಿಮಿಷ. ಪೇಪರ್ ನೋಡಿದ್ಯಾ ಅಂತ ಕೇಳ್ದೆ. "ಒಂದ್ಸಲ" ಅಂದ.

ಎರಡು, ನಿಮ್ಮ ಮನೇಲಿ ಇವತ್ತು ಯಾರಾದ್ರೂ 'ತಿಂತಾವೆ', 'ಬಂದ್ವು', 'ತೆಗೆದವ್ರೆ' ಥರ ಮಾತು ಆಡಿದ್ರೆ, ಆ ವಾಕ್ಯವನ್ನ ಹಾಗೇ ಕಾಮೆಂಟಲ್ಲಿ ಬರೀರಿ. ಊರಿನ ಹೆಸರೂ ಹಾಕಿ. ಮಾಗಡಿ ಕಡೆಗೂ ಕನಕಪುರ ಕಡೆಗೂ ಏನಾದ್ರೂ ವ್ಯತ್ಯಾಸ ಸಿಕ್ಕಿದ್ರೆ ಮುಂದಿನ ಸರಣಿ ಅದರ ಮೇಲೆ.

#ರಾಮನಗರ #ಚನ್ನಪಟ್ಟಣ #ಕನಕಪುರ #ಮಾಗಡಿ #ಕನ್ನಡಮೀಡಿಯಂ #ಇಂಗ್ಲಿಷ್‌ಗ್ರಾಮರ್